ಬೆಳ್ಳಿ ಕಪ್ಪಾಗಿದೆಯೇ? ತಿಕ್ಕುವ ಮೊದಲು ಇಷ್ಟು ತಿಳಿದಿರಲಿ

ತಿಕೋಟಾ ಕಡೆಯ ದ್ರಾಕ್ಷಿ ತೋಟದಲ್ಲಿ ಗಂಧಕದ ಪುಡಿ ಹೊಡೆಯುವ ದಿನ ಕಾಲುಂಗುರ ಹಾಕಿಕೊಂಡೇ ಕೆಲಸ ಮಾಡಿದವರು ಸಂಜೆ ಕಾಲು ತೊಳೆಯುವಾಗ ನೋಡಿದರೆ ಬೆಳ್ಳಿ ಹಳದಿಗಟ್ಟಿರುತ್ತದೆ. ಹಾಗೇ ಬಿಟ್ಟರೆ ಕಂದು, ಆಮೇಲೆ ನೀಲಿ ಬೆರೆತ ನೇರಳೆ, ಕೊನೆಗೆ ಇಜ್ಜಲಿನ ಬಣ್ಣ. "ಬೆಳ್ಳಿಯೊಳಗ ಏನೋ ಕಲಬೆರಕೆ ಮಾಡ್ಯಾನ" ಎಂದು ಪತ್ತಾರನ ಮೇಲೆ ಸಿಟ್ಟಾಗುವುದು ಮಾಮೂಲು. ಆದರೆ ಕಪ್ಪಾಗುವುದಕ್ಕೂ ಕಲಬೆರಕೆಗೂ ನೇರ ಸಂಬಂಧವಿಲ್ಲ. 1000ಕ್ಕೆ 999 ಪಾಲು ಶುದ್ಧವಿರುವ ಬೆಳ್ಳಿಯೂ ಗಂಧಕ ಸೋಕಿದರೆ ಕಪ್ಪಾಗಿಯೇ ತೀರುತ್ತದೆ.

ಕಬ್ಬಿಣ ತುಕ್ಕು ಹಿಡಿಯುವುದು ಗಾಳಿಯಲ್ಲಿನ ಆಮ್ಲಜನಕ ಮತ್ತು ನೀರಿನಿಂದ. ಮನೆಯೊಳಗಿನ ಬೆಳ್ಳಿ ಈ ಎರಡಕ್ಕೂ ಜಗ್ಗುವುದಿಲ್ಲ. ಅದು ಸೋಲುವುದು ಗಂಧಕದ ಎದುರು. ಬಚ್ಚಲ ಮೋರಿ, ಕೊಳೆತ ಉಳ್ಳಾಗಡ್ಡಿ, ಬಳ್ಳೊಳ್ಳಿ, ಬೇಯಿಸಿದ ತತ್ತಿ, ಡಿಸ್ಟಿಲರಿಯ ಕೊಳಚೆ ನೀರು, ಇವುಗಳಿಂದ ಹೈಡ್ರೋಜನ್ ಸಲ್ಫೈಡ್ ಅಥವಾ ಅದರಂಥದೇ ಗಂಧಕದ ಆವಿ ಏಳುತ್ತದೆ. ಮೂಗಿಗೆ ವಾಸನೆ ಬಡಿಯುವ ಮೊದಲೇ ಬೆಳ್ಳಿಗೆ ಅದು ತಟ್ಟಿರುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಕೆಲಸ ಇನ್ನೂ ಬೇಗ. ಹೀಗಾಗಿ ಉಳ್ಳಾಗಡ್ಡಿ ಚೀಲ ಪೇರಿಸಿದ ಕೋಣೆಯ ಕಪಾಟಿನಲ್ಲಿ ಇಟ್ಟ ಬೆಳ್ಳಿ ತಾಟು ಮಳೆಗಾಲ ಕಳೆಯುವುದರೊಳಗೆ ಬಣ್ಣಗೆಡುತ್ತದೆ.

ಇಲ್ಲಿ ಮುಖ್ಯವಾದ ಮಾತೊಂದಿದೆ. ಆ ಕಪ್ಪು ಬೆಳ್ಳಿಯ ಮೇಲೆ ಕೂತ ಹೊಲಸಲ್ಲ, ಬೆಳ್ಳಿಯೇ ಬೆಳ್ಳಿ ಸಲ್ಫೈಡ್ ಆಗಿ ನಿಂತಿರುವುದು. ಈ ಸಲ್ಫೈಡಿನ 100 ಗ್ರಾಂ ತೂಕದಲ್ಲಿ 87 ಗ್ರಾಂ ಬೆಳ್ಳಿ, ಉಳಿದ 13 ಗ್ರಾಂ ಮಾತ್ರ ಗಂಧಕ. ಪುಡಿ ಹಾಕಿ ತಿಕ್ಕಿದಾಗ ಬಟ್ಟೆಗೆ ಹತ್ತುವ ಕಪ್ಪೆಲ್ಲ ನೀವು ದುಡ್ಡು ಕೊಟ್ಟು ತಂದ ಬೆಳ್ಳಿ. ವರ್ಷಕ್ಕೆ ನಾಲ್ಕು ಸಲ ಹಬ್ಬಕ್ಕೆಂದು ತಿಕ್ಕಿದ ಆರತಿ ತಟ್ಟೆಯ ಹೂಬಳ್ಳಿ ಸವೆದು ನುಣ್ಣಗಾಗುವುದು ಹೀಗೆ. ಕಪ್ಪನ್ನು ಕಿತ್ತು ತೆಗೆಯುವ ಬದಲು ಅದರೊಳಗಿನ ಗಂಧಕವನ್ನಷ್ಟೇ ಬಿಡಿಸಿ ಬೆಳ್ಳಿಯನ್ನು ಅಲ್ಲೇ ಉಳಿಸಿಕೊಳ್ಳುವ ಉಪಾಯವಿದೆ. ಅದಕ್ಕೆ ಲೋಹಗಳ ಸ್ವಭಾವ ಸ್ವಲ್ಪ ಗೊತ್ತಿರಬೇಕು.

ಯಾವ ಲೋಹ ಯಾವುದಕ್ಕಿಂತ ಮೇಲು

ಎಲ್ಲ ಲೋಹಗಳದೂ ಎಲೆಕ್ಟ್ರಾನ್ ಬಿಟ್ಟುಕೊಡುವ ಗುಣ. ಕೆಲವಕ್ಕೆ ಕೊಡುವ ಆತುರ ಹೆಚ್ಚು, ಕೆಲವು ಕೈಬಿಗಿ. ಆತುರದವುಗಳಿಂದ ಶುರುಮಾಡಿದರೆ ಸಾಲು ಹೀಗೆ: ಸೋಡಿಯಂ, ಮೆಗ್ನೀಸಿಯಂ, ಅಲ್ಯುಮಿನಿಯಂ, ಸತು, ಕಬ್ಬಿಣ, ತವರ, ಸೀಸ, ತಾಮ್ರ, ಬೆಳ್ಳಿ, ಚಿನ್ನ. ಸಾಲಿನಲ್ಲಿ ಮುಂದಿರುವ ಲೋಹ ಹಿಂದಿರುವುದಕ್ಕೆ ಎಲೆಕ್ಟ್ರಾನ್ ಕೊಟ್ಟು ಅದನ್ನು ಸಂಯುಕ್ತದಿಂದ ಬಿಡಿಸಿ ಮತ್ತೆ ಲೋಹವಾಗಿಸುತ್ತದೆ, ತಾನು ಕರಗುತ್ತದೆ. ಸೀಸಕ್ಕೂ ತಾಮ್ರಕ್ಕೂ ನಡುವೆ ಹೈಡ್ರೋಜನ್ನಿನ ಜಾಗವಿದೆ. ತಾಮ್ರ, ಬೆಳ್ಳಿ, ಚಿನ್ನ ಅದರ ಹಿಂದಿನವು. ಹೀಗಾಗಿ ನಿಂಬೆ, ಹುಣಸೆಯಂಥ ಹುಳಿಯಲ್ಲಿ ಸತುವಿನಂತೆ ಇವು ಗುಳ್ಳೆ ಎಬ್ಬಿಸಿ ಕರಗುವುದಿಲ್ಲ.

ಬೆಳ್ಳಿಗೂ ಅಲ್ಯುಮಿನಿಯಮ್ಮಿಗೂ ನಡುವೆ ಎಷ್ಟು ಅಂತರವಿದೆ ನೋಡಿ. ರೊಟ್ಟಿ ಸುತ್ತಿಡುವ ತೆಳು ಫಾಯಿಲ್ ಕಪ್ಪಾದ ಬೆಳ್ಳಿಯನ್ನು ಬಿಡಿಸಬಲ್ಲದು ಎಂಬುದು ಈ ಅಂತರದಿಂದಲೇ.

ಫಾಯಿಲ್ ಮತ್ತು ಸೋಡಾ

ಬೇಕಾದವು: ಸ್ಟೀಲಿನ ಅಥವಾ ಪಿಂಗಾಣಿಯ ಅಗಲ ಪಾತ್ರೆ, ಅಲ್ಯುಮಿನಿಯಂ ಫಾಯಿಲ್, 1 ಲೀಟರ್ ಕುದಿನೀರು, 1 ದೊಡ್ಡ ಚಮಚ (ಸುಮಾರು 15 ಗ್ರಾಂ) ಅಡುಗೆ ಸೋಡಾ, 1 ಸಣ್ಣ ಚಮಚ ಉಪ್ಪು. ಬಟ್ಟೆ ಸೋಡಾ ಇದ್ದರೆ ಅರ್ಧ ದೊಡ್ಡ ಚಮಚ ಸಾಕು, ಅದರ ಕ್ಷಾರ ಹೆಚ್ಚು ತೀಕ್ಷ್ಣ. ಬೋರ್‌ವೆಲ್ಲಿನ ಸವಳು ನೀರಿನಲ್ಲಿ ಸೋಡಾ ಹಾಕಿದ ಕೂಡಲೇ ನೀರು ಮಬ್ಬಾಗುತ್ತದೆ, ಸುಣ್ಣದ ಅಂಶ ಹೆಪ್ಪುಗಟ್ಟಿ ಬೆಳ್ಳಿಯ ಮೇಲೆ ಬಿಳಿ ಪೊರೆ ಕೂರುತ್ತದೆ. ಆರ್‌ಒ ನೀರು ಅಥವಾ ಹಿಡಿದಿಟ್ಟ ಮಳೆನೀರು ಬಳಸಿ.

ಮೊದಲು ಬೆಳ್ಳಿಯನ್ನು ಪಾತ್ರೆ ತೊಳೆಯುವ ಸಾಬೂನಿನಿಂದ ತೊಳೆಯಿರಿ. ದೀಪದ ಎಣ್ಣೆ, ಕುಂಕುಮ, ಗಂಧ ಅಂಟಿದ್ದರೆ ಅದು ನೀರಿಗೂ ಲೋಹಕ್ಕೂ ನಡುವೆ ಅಡ್ಡ ನಿಲ್ಲುತ್ತದೆ. ಸಮೆ, ನೀಲಾಂಜನಗಳಲ್ಲಿ ಈ ಎಣ್ಣೆ ಬತ್ತಿಯ ಮೂಗಿನ ಹತ್ತಿರ ಗಟ್ಟಿಯಾಗಿ ಅಂಟಿರುತ್ತದೆ. ಬಿಸಿ ಸಾಬೂನು ನೀರಿನಲ್ಲಿ ಅರ್ಧ ತಾಸು ನೆನೆಹಾಕಿ, ಹಳೆಯ ಮೆತ್ತನೆಯ ಬ್ರಷ್‌ನಿಂದ ತೆಗೆಯಿರಿ.

ಪಾತ್ರೆಯ ತಳ ಮತ್ತು ಬದಿಗೆ ಫಾಯಿಲ್ ಹಾಸಿ. ಹೊಳೆಯುವ ಮಗ್ಗುಲು ಮೇಲೆ ಬರಬೇಕೆನ್ನುವವರಿದ್ದಾರೆ. ಯಾವ ಮಗ್ಗುಲಾದರೂ ಒಂದೇ. ಬೆಳ್ಳಿಯನ್ನು ಫಾಯಿಲ್‌ಗೆ ತಾಗುವಂತೆ ಇಡಿ, ಒಂದರ ಮೇಲೊಂದು ರಾಶಿ ಹಾಕಬೇಡಿ. ಮೇಲೆ ಸೋಡಾ, ಉಪ್ಪು ಉದುರಿಸಿ, ಕುದಿಯುವ ನೀರನ್ನು ನಿಧಾನಕ್ಕೆ ಸುರಿಯಿರಿ. ನೊರೆ ಉಕ್ಕಬಹುದು, ಆದ್ದರಿಂದ ಪಾತ್ರೆಯನ್ನು ಅಂಚಿನವರೆಗೆ ತುಂಬಬೇಡಿ.

ನಿಮಿಷದೊಳಗೆ ಕೊಳೆತ ತತ್ತಿಯ ನಾತ ಬರುತ್ತದೆ. ಅದು ಒಳ್ಳೆಯ ಲಕ್ಷಣ: ಬೆಳ್ಳಿಯನ್ನು ಹಿಡಿದಿದ್ದ ಗಂಧಕ ಹೈಡ್ರೋಜನ್ ಸಲ್ಫೈಡ್ ಆಗಿ ಹೊರಬೀಳುತ್ತಿದೆ. ಆದರೂ ಅದು ವಿಷದ ಗಾಳಿ. ಕಿಟಕಿ ತೆರೆದಿರಲಿ, ಪಾತ್ರೆಯ ಮೇಲೆ ಮುಖ ಇಟ್ಟು ನೋಡುವುದು ಬೇಡ, ದೇವರ ಮನೆಯಲ್ಲಿ ಉಳಿದ ಬೆಳ್ಳಿಯ ಪಕ್ಕದಲ್ಲಂತೂ ಈ ಕೆಲಸ ಮಾಡಲೇಬೇಡಿ. ಇಲ್ಲಿಂದ ಬಿಟ್ಟ ಗಂಧಕ ಅಲ್ಲಿ ಹೋಗಿ ಕೂರುತ್ತದೆ.

ಎರಡು ಮೂರು ನಿಮಿಷಕ್ಕೆ ಚಮಚದಿಂದ ಹೊರಳಿಸಿ, ಇನ್ನೊಂದು ಮಗ್ಗುಲೂ ಫಾಯಿಲ್‌ಗೆ ತಾಗಲಿ. ಒಟ್ಟು ಐದು ನಿಮಿಷ ಸಾಕು. ತೆಗೆದು ಧಾರಾಳ ನೀರಿನಲ್ಲಿ ತೊಳೆದು, ಹತ್ತಿ ಬಟ್ಟೆಯಿಂದ ಪೂರ್ತಿ ಒರೆಸಿ. ಉಪ್ಪುನೀರು ಕೆತ್ತನೆಯ ಸಂದಿಯಲ್ಲಿ ಉಳಿದರೆ ಬೆಳ್ಳಿಯಲ್ಲಿ ಬೆರೆಸಿದ ತಾಮ್ರವನ್ನು ತಿನ್ನುತ್ತದೆ.

ಫಾಯಿಲ್ ಮಾಡುವ ಕೆಲಸವನ್ನೇ ಅಲ್ಯುಮಿನಿಯಂ ಡಬರಿಯೂ ಮಾಡುತ್ತದೆ, ಆದರೆ ಡಬರಿ ಕಪ್ಪಾಗಿ ಮೈತುಂಬ ಚುಕ್ಕೆ ಬೀಳುತ್ತದೆ. ಗುಜರಿಗೆ ಹಾಕುವಂಥದಿದ್ದರೆ ಬಳಸಿ, ಅಡುಗೆಯದು ಬೇಡ. ಸೋಡಾ ಯಾಕೆ ಎಂದರೆ, ಅಲ್ಯುಮಿನಿಯಂ ಮೈಮೇಲೆ ಸದಾ ತೆಳುವಾದ ಆಕ್ಸೈಡ್ ಪೊರೆ ಇರುತ್ತದೆ. ಕ್ಷಾರ ಆ ಪೊರೆಯನ್ನು ಕರಗಿಸುತ್ತದೆ, ಉಪ್ಪು ನೀರಿನಲ್ಲಿ ವಿದ್ಯುತ್ ಹರಿಯುವಂತೆ ಮಾಡುತ್ತದೆ. ಹೌದು, ಅದು ಒಂದು ಪುಟ್ಟ ಬ್ಯಾಟರಿಯೇ.

ಕೆಲಸ ಕೆಡುವುದು ಎಲ್ಲಿ

ಬೆಳ್ಳಿ ಬಿಳುಪಾಗಲೇ ಇಲ್ಲ ಎಂದರೆ ಮೂರರಲ್ಲಿ ಒಂದು ಕಾರಣ: ನೀರು ಆರಿತ್ತು, ಬೆಳ್ಳಿ ಫಾಯಿಲ್‌ಗೆ ತಾಗಿರಲಿಲ್ಲ, ಅಥವಾ ಅದೇ ಫಾಯಿಲ್ ಎರಡನೇ ಸಲ ಬಳಸಿದ್ದು. ಒಮ್ಮೆ ಮಬ್ಬಾದ ಫಾಯಿಲ್‌ನಲ್ಲಿ ಹೆಚ್ಚು ಕಸುವಿಲ್ಲ. ವರ್ಷಗಟ್ಟಲೆ ಮುಟ್ಟದ ದಪ್ಪ ಕಪ್ಪು ಒಂದು ಸುತ್ತಿನಲ್ಲಿ ಹೋಗದು. ಹೊಸ ನೀರು, ಹೊಸ ಫಾಯಿಲ್ ಹಾಕಿ ಎರಡು ಮೂರು ಸಲ ಮಾಡಬೇಕು.

ಕಪ್ಪು ಹೋಯಿತು, ಆದರೆ ಹೊಳಪಿಲ್ಲ, ಹಾಲಿನಂಥ ಮಂಕು ಬಿಳುಪು ಉಳಿಯಿತು ಎಂಬುದು ಇನ್ನೊಂದು ದೂರು. ಸಲ್ಫೈಡಿನಿಂದ ಮರಳಿ ಬಂದ ಬೆಳ್ಳಿ ನುಣ್ಣನೆಯ ಹಾಳೆಯಾಗಿ ಕೂರುವುದಿಲ್ಲ, ಸಣ್ಣ ಸಣ್ಣ ಕಣವಾಗಿ ಕೂರುತ್ತದೆ. ಬೆಳಕು ಚದುರಿ ಮಂಕಾಗಿ ಕಾಣುತ್ತದೆ. ಹಳೆಯ ಪಂಜೆಯ ತುಂಡಿನಿಂದ ಒಣಗಿದ ಮೇಲೆ ಒತ್ತಿ ಉಜ್ಜಿದರೆ ಕಣಗಳು ಒರಗಿ ಹೊಳಪು ಬರುತ್ತದೆ.

ತುಂಬ ಬೇಗ ಕೆಂಪು ಛಾಯೆ ಕಂಡರೆ ಅದು ಬೆಳ್ಳಿಯ ಲೇಪ ಸವೆದು ಒಳಗಿನ ತಾಮ್ರವೋ ಹಿತ್ತಾಳೆಯೋ ಇಣುಕಿದ್ದು. ಅದಕ್ಕೆ ಮನೆಮದ್ದಿಲ್ಲ.

ಈ ನೀರಿಗೆ ಹಾಕಲೇಬಾರದವು ಕೆಲವಿವೆ. ಮುತ್ತು, ಹವಳ ಕೂರಿಸಿದವು, ಅಂಟಿನಿಂದ ಹರಳು ಹಚ್ಚಿದವು ಬೇಡ. ಬೇಕೆಂದೇ ಸಂದಿಗಳಲ್ಲಿ ಕಪ್ಪು ಕೂರಿಸಿದ 'ಆಕ್ಸಿಡೈಸ್ಡ್' ಆಭರಣ ಹಾಕಿದರೆ ಕೆತ್ತನೆಯ ಅಂದವೇ ಮಾಯ. ಆ ಕಪ್ಪೂ ಸಲ್ಫೈಡೇ, ಹೆಸರು ಮಾತ್ರ ಆಕ್ಸೈಡಿನದು. ಒಳಗೆ ಅರಗು ತುಂಬಿದ ಹಳೆಯ ಕಡಗ, ತೋಳಬಂದಿಗಳನ್ನು ಕುದಿನೀರಿಗೆ ಹಾಕಿದರೆ ಅರಗು ಮೆತ್ತಗಾಗಿ ಸಂದಿನಿಂದ ಒಸರುತ್ತದೆ, ತೆಳು ತಗಡು ತಗ್ಗು ಬೀಳುತ್ತದೆ. ಗಾತ್ರಕ್ಕೆ ತಕ್ಕ ತೂಕವಿಲ್ಲದೆ, ಬೆರಳಿನಿಂದ ತಟ್ಟಿದರೆ ಮೊಂಡು ಸದ್ದು ಬಂದರೆ ಒಳಗೆ ಅರಗಿದೆ ಎಂದೇ ತಿಳಿಯಿರಿ.

ಇಷ್ಟಲಿಂಗ ಇರಿಸಿ ಕೊರಳಲ್ಲಿ ಸದಾ ಧರಿಸುವ ಬೆಳ್ಳಿ ಗುಂಡಗಡಿಗೆಗೆ ಬೆವರು, ವಿಭೂತಿ ಎರಡೂ ಸೇರಿ ಬೂದುಗಪ್ಪು ಬರುತ್ತದೆ. ಲಿಂಗವನ್ನು ತೆಗೆದು ಬೇರೆ ಇರಿಸಿ, ಶಿವದಾರ ಬಿಚ್ಚಿ, ಖಾಲಿ ಗುಂಡಗಡಿಗೆಯನ್ನಷ್ಟೇ ನೀರಿಗೆ ಬಿಡಿ. ಲಿಂಗದ ಮೇಲಿನ ಕರಿ ಹೊದಿಕೆಯಾದ ಕಂತಿಗೆ ಬಿಸಿ ಸೋಡಾ ನೀರು ಸೋಕಬಾರದು. ದಾರ ಪೋಣಿಸುವ ತೂತುಗಳೊಳಗೆ ನೀರು ನಿಲ್ಲುತ್ತದೆ, ಆದ್ದರಿಂದ ಒರೆಸಿದ ಮೇಲೂ ಬಿಸಿಲಲ್ಲಿ ಒಂದು ತಾಸು ಇಟ್ಟು ಆಮೇಲೆ ಕಟ್ಟಿಕೊಳ್ಳಿ.

ವಿಭೂತಿ, ಟೂತ್‌ಪೇಸ್ಟ್, ಬಾಟಲಿಯ ದ್ರಾವಣ

ವಿಭೂತಿಯಿಂದ ಬೆಳ್ಳಿ ತಿಕ್ಕುವುದು ನಮ್ಮ ಕಡೆ ಹಳೆಯ ರೂಢಿ, ಅಷ್ಟು ಕೆಟ್ಟದ್ದೂ ಅಲ್ಲ. ಬೆಳ್ಳಿ ಮೆತ್ತನೆಯ ಲೋಹ, 1ರಿಂದ 10ರವರೆಗಿನ ಗಡಸುತನದ ಅಳತೆಯಲ್ಲಿ 2.5ರಿಂದ 3. ವಿಭೂತಿಯಲ್ಲಿರುವ ಸುಣ್ಣದ ಪುಡಿಯೂ ಸುಮಾರು 3. ಎಳೆಹಳದಿ ಬಣ್ಣಕ್ಕೆ ನಡೆಯುತ್ತದೆ. ಆದರೆ ಅಂಗಡಿಯ ಗಟ್ಟಿಯಲ್ಲಿ ಮರಳಿನ ಕಣ ಒಂದಿದ್ದರೂ ಗೀರು ಬೀಳುತ್ತದೆ, ಕೆತ್ತನೆಯ ಸಂದಿನಲ್ಲಿ ಪುಡಿ ಕೂತು ಬೆಳ್ಳಗೆ ಉಳಿಯುತ್ತದೆ. ಅರೆದು, ತೆಳು ಬಟ್ಟೆಯಲ್ಲಿ ಸೋಸಿ ಬಳಸಿ.

ಟೂತ್‌ಪೇಸ್ಟ್ ಬೇಡವೇ ಬೇಡ. ಹಲವು ಪೇಸ್ಟ್‌ಗಳಲ್ಲಿ ಸಿಲಿಕಾ ಇರುತ್ತದೆ, ಅದು ಬೆಳ್ಳಿಗಿಂತ ಗಟ್ಟಿ. ನುಣುಪಾದ ತಾಟಿನ ಮೇಲೆ ಸುತ್ತುಸುತ್ತಿನ ಗೀರುಗಳು ಬಿಸಿಲಿಗೆ ಹಿಡಿದರೆ ಎದ್ದು ಕಾಣುತ್ತವೆ.

ಅದ್ದಿ ತೆಗೆಯುವ ದ್ರಾವಣಗಳಲ್ಲಿ ಸಾಮಾನ್ಯವಾಗಿ ಆಮ್ಲ ಮತ್ತು ಥಯೋಯೂರಿಯಾ ಇರುತ್ತದೆ. ಅವು ಸಲ್ಫೈಡನ್ನು ಕರಗಿಸಿ ಒಯ್ಯುತ್ತವೆ, ಅಂದರೆ ಬೆಳ್ಳಿಯೂ ಹೋಯಿತು. ಕೆಲವೇ ಸೆಕೆಂಡು ಅದ್ದಬೇಕಾದ್ದನ್ನು ಮರೆತು ಹತ್ತು ನಿಮಿಷ ಬಿಟ್ಟರೆ ಮೈ ತರಿಯಾಗಿ, ಮುಂದಿನ ಸಲ ಇನ್ನೂ ಬೇಗ ಕಪ್ಪಾಗುತ್ತದೆ. ಅವಸರಕ್ಕೆ ಅಂಟುವಾಳದ ನೊರೆಯೇ ಇದಕ್ಕಿಂತ ವಾಸಿ: ಹೊಲಸು, ಜಿಡ್ಡು ತೆಗೆಯುತ್ತದೆ, ಲೋಹ ಮುಟ್ಟುವುದಿಲ್ಲ.

ತಾಮ್ರ, ಹಿತ್ತಾಳೆ: ಇಲ್ಲಿ ಹುಳಿ ಬೇಕು

ತಾಮ್ರ ಕಪ್ಪಾಗುವುದು ಹೆಚ್ಚಾಗಿ ಆಕ್ಸೈಡ್‌ನಿಂದ, ಹಸಿರು ಕಿಲುಬು ಬರುವುದು ತೇವ ಮತ್ತು ಇಂಗಾಲದ ಡೈಆಕ್ಸೈಡ್ ಸೇರಿ. ಎರಡೂ ಹುಳಿಗೆ ಕರಗುತ್ತವೆ, ತಾಮ್ರ ಮಾತ್ರ ಹುಳಿಗೆ ಬೇಗ ಜಗ್ಗುವುದಿಲ್ಲ. ಹುಣಸೆಯ ಟಾರ್ಟಾರಿಕ್ ಆಮ್ಲ ಇದಕ್ಕೆ ಹೇಳಿ ಮಾಡಿಸಿದ್ದು. ನಿಂಬೆಗಾತ್ರದ ಹುಣಸೆಹಣ್ಣನ್ನು ಅರ್ಧ ಬಟ್ಟಲು ನೀರಲ್ಲಿ ಕಿವುಚಿ, ಒಂದು ಸಣ್ಣ ಚಮಚ ಉಪ್ಪು ಹಾಕಿ, ಎರಡು ಮೂರು ನಿಮಿಷ ತಿಕ್ಕಿ ತೊಳೆಯಿರಿ. ಬೆಳಿಗ್ಗೆ ಫಳಫಳ ಹೊಳೆದ ತಂಬಿಗೆ ಸಂಜೆಗೆ ಕಂದಾಗುವುದು ಹುಳಿ ಪೂರ್ತಿ ಹೋಗದೆ ಉಳಿದಾಗ. ಕೊನೆಗೆ ಚಿಟಿಕೆ ಸೋಡಾ ಬೆರೆಸಿದ ನೀರಲ್ಲಿ ಒಮ್ಮೆ ಅದ್ದಿ, ತೊಳೆದು, ಒಣ ಬಟ್ಟೆಯಿಂದ ಒರೆಸಿದರೆ ಈ ತೊಂದರೆ ಇಲ್ಲ.

ಹಿತ್ತಾಳೆಯನ್ನು ರಾತ್ರಿಯಿಡೀ ಹುಣಸೆ ನೀರಲ್ಲಿ ನೆನೆಹಾಕಬೇಡಿ. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತು. ಮೇಲಿನ ಸಾಲು ನೆನಪಿಸಿಕೊಳ್ಳಿ, ಸತು ಮುಂದಿದೆ. ಹುಳಿಗೆ ಮೊದಲು ಬಿಟ್ಟುಹೋಗುವುದು ಅದೇ. ಬೆಳಿಗ್ಗೆ ನೋಡಿದರೆ ಹಳದಿ ಸಮೆಯ ಮೇಲೆ ಕೆಂಪು ಮಚ್ಚೆಗಳು: ಸತು ಕಳೆದುಕೊಂಡ ಜಾಗದಲ್ಲಿ ಬರೀ ತಾಮ್ರ ಉಳಿದಿದೆ. ಒತ್ತಿ ತಿಕ್ಕಿದರೆ ಮಚ್ಚೆ ಹೋಗಬಹುದು, ಹೋದ ಸತು ಬರುವುದಿಲ್ಲ.

ಮಜ್ಜಿಗೆ, ಸಾರು ಹಿತ್ತಾಳೆಯಲ್ಲಿ ಕಿಲುಬುವುದು ಇದೇ ಕಾರಣಕ್ಕೆ, ಅದಕ್ಕೇ ಕಲಾಯಿ. ಪಾತ್ರೆ ಕಾಯಿಸಿ ನವಸಾಗರ ಉದುರಿಸಿದಾಗ ಏಳುವ ಬಿಳಿ ಹೊಗೆ ಲೋಹದ ಮೇಲಿನ ಆಕ್ಸೈಡ್ ತೆಗೆಯುತ್ತದೆ, ಆಗ ತವರ ಹಿಡಿಯುತ್ತದೆ. ತವರ ಕರಗುವುದು 232 ಡಿಗ್ರಿಗೆ. ಹೀಗಾಗಿ ಕಲಾಯಿ ಪಾತ್ರೆಯನ್ನು ಒಣಗಿದಂತೆಯೇ ಒಲೆಯ ಮೇಲೆ ಮರೆತರೆ ಒಳಮೈ ಗುಳ್ಳೆ ಗುಳ್ಳೆಯಾಗಿ ತಳಕ್ಕೆ ಇಳಿಯುತ್ತದೆ. ಅಗ್ಗಕ್ಕೆ ಸೀಸ ಬೆರೆಸುವುದುಂಟು, ಅದು ವಿಷ. ಕಲಾಯಿಯವರ ತವರದ ಕಡ್ಡಿಯನ್ನು ಕಿವಿಯ ಹತ್ತಿರ ಹಿಡಿದು ಬಗ್ಗಿಸಿ ನೋಡಿ: ಒಳ್ಳೆಯ ತವರ ಕಿರಗುಟ್ಟುತ್ತದೆ. ಸದ್ದಿಲ್ಲದೆ ಬಗ್ಗಿ ಕಾಗದದ ಮೇಲೆ ಬೂದು ಗೆರೆ ಎಳೆದರೆ ಆ ಕಲಾಯಿ ಬೇಡ.

ತಾಮ್ರಕ್ಕೆ ತವರವನ್ನೇ ಬೆರೆಸಿದರೆ ಕಂಚು. ವಿಜಯಪುರದ ಶೇರ್ಝಾ ಬುರುಜಿನ ಮೇಲಿನ ಮಲಿಕ್-ಎ-ಮೈದಾನ್ ತೋಪು ಅಂಥದು. 1549ರಲ್ಲಿ ಅಹ್ಮದನಗರದಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಕದ ಈ ತೋಪು ಇಷ್ಟು ಮಳೆಗಾಲ ಕಂಡರೂ ಮೈ ಗಟ್ಟಿ. ಮೇಲೆ ಕೂತ ಹಸಿರು ಮಿಶ್ರಿತ ಪೊರೆಯೇ ಒಳಗಿನ ಲೋಹಕ್ಕೆ ಕವಚ. ಕಬ್ಬಿಣದ ತುಕ್ಕು ಹಾಗಲ್ಲ. ಉದುರುತ್ತ ಉದುರುತ್ತ ಒಳಗಿನದನ್ನು ಗಾಳಿಗೆ ತೆರೆದಿಡುತ್ತದೆ.

ಅಲ್ಯುಮಿನಿಯಮ್ಮಿಗೆ ಹುಳಿಯಷ್ಟೇ ಸೋಡಾವೂ ಶತ್ರು. ಬೆಳಗಾವಿಯ ಹಿಂಡಾಲ್ಕೊದಲ್ಲಿ ಬಾಕ್ಸೈಟ್ ಅದಿರಿನಿಂದ ಅಲ್ಯುಮಿನಾ ಬೇರ್ಪಡಿಸುವುದು ಕಾಸ್ಟಿಕ್ ಸೋಡಾದಲ್ಲಿ ಕರಗಿಸಿಯೇ. ಅದೇ ರಸಾಯನ ನಿಮ್ಮ ಡಬರಿಯ ಮೇಲೂ ನಡೆಯುತ್ತದೆ. ಬಟ್ಟೆ ಸೋಡಾ ಹಾಕಿ ಕುದಿಸಿದರೆ ಪೊರೆ ಕರಗಿ ಪಾತ್ರೆ ಕರಿಯಾಗುತ್ತದೆ. ಅದನ್ನು ಬರೀ ಸಾಬೂನಿನಿಂದ ತೊಳೆಯಿರಿ.

ಅಸಲಿಯೋ ನಕಲಿಯೋ: ಗ್ಲಾಸು, ದಾರ, ತಕ್ಕಡಿ

ಕಾಣಿಕೆಗೆ ಬರುವ 'ಜರ್ಮನ್ ಸಿಲ್ವರ್' ಹೆಸರಲ್ಲಿ ಮಾತ್ರ ಬೆಳ್ಳಿ. ಅದರಲ್ಲಿರುವುದು ತಾಮ್ರ, ನಿಕ್ಕೆಲ್, ಸತು. ಮಂಜುಗಡ್ಡೆ ಇಟ್ಟು ಬೇಗ ಕರಗಿದರೆ ಬೆಳ್ಳಿ ಎನ್ನುವ ಪರೀಕ್ಷೆ ನಂಬಬೇಡಿ, ಶಾಖ ಹರಿಸುವುದರಲ್ಲಿ ತಾಮ್ರ ಬೆಳ್ಳಿಗಿಂತ ಕೂದಲೆಳೆಯಷ್ಟೇ ಕಡಿಮೆ. ಅಯಸ್ಕಾಂತ ಅಂಟಿದರೆ ಬೆಳ್ಳಿಯಲ್ಲ ಎಂಬುದು ನಿಜ, ಅಂಟದಿದ್ದರೆ ಏನೂ ಗೊತ್ತಾದಂತಲ್ಲ. ಸಾಂದ್ರತೆಯ ಪರೀಕ್ಷೆ ಮೇಲು.

0.1 ಗ್ರಾಂವರೆಗೆ ತೋರಿಸುವ ಡಿಜಿಟಲ್ ತಕ್ಕಡಿ ತೆಗೆದುಕೊಳ್ಳಿ. ವಸ್ತುವಿನ ಒಣ ತೂಕ ಬರೆದಿಡಿ. ಅರ್ಧ ಗ್ಲಾಸು ನೀರನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ವಸ್ತುವನ್ನು ತೆಳು ದಾರಕ್ಕೆ ಕಟ್ಟಿ, ನೀರಲ್ಲಿ ಪೂರ್ತಿ ಮುಳುಗಿಸಿ, ತಳಕ್ಕೂ ಬದಿಗೂ ತಾಗದಂತೆ ಹಿಡಿಯಿರಿ. ತಕ್ಕಡಿ ತೋರಿಸುವ ಗ್ರಾಂ ಎಷ್ಟೋ ಅಷ್ಟೇ ಮಿಲಿಲೀಟರ್ ಆ ವಸ್ತುವಿನ ಗಾತ್ರ. ಒಣ ತೂಕವನ್ನು ಅದರಿಂದ ಭಾಗಿಸಿ. 62 ಗ್ರಾಂ ಕಡಗಕ್ಕೆ 6.0 ಬಂದರೆ 10.3, ಬೆಳ್ಳಿಯ ಲೆಕ್ಕಕ್ಕೆ ಸರಿ. 7.2 ಬಂದರೆ 8.6, ಅದು ಜರ್ಮನ್ ಸಿಲ್ವರ್ ಅಥವಾ ಹಿತ್ತಾಳೆ. ಶುದ್ಧ ಬೆಳ್ಳಿ 10.49, ಉಳಿದದ್ದು ತಾಮ್ರವಾದರೆ 1000ಕ್ಕೆ 925 ಪಾಲು ಬೆಳ್ಳಿ ಇರುವುದು ಸುಮಾರು 10.36, 800 ಪಾಲಿನದು 10.14.

ಇದರ ಮಿತಿಯೂ ಗೊತ್ತಿರಲಿ. 5 ಗ್ರಾಂ ಕಾಲುಂಗುರಕ್ಕೆ ತಕ್ಕಡಿ 0.5 ತೋರಿಸುತ್ತದೆ, 0.1 ಹೆಚ್ಚುಕಡಿಮೆಯಾದರೂ ಲೆಕ್ಕ ಐದರಲ್ಲಿ ಒಂದು ಪಾಲು ತಪ್ಪುತ್ತದೆ. 50 ಗ್ರಾಂಗಿಂತ ಕಡಿಮೆ ಇದ್ದರೆ 0.01 ಗ್ರಾಂ ತಕ್ಕಡಿ ಬೇಕು. ಗೆಜ್ಜೆಯೊಳಗೆ ಗಾಳಿ ಗುಳ್ಳೆ ಉಳಿದರೆ, ಒಳಗೆ ಅರಗಿದ್ದರೆ ಉತ್ತರ ಸುಳ್ಳು. ಸೀಸದ ಸಾಂದ್ರತೆ 11.3, ಅದನ್ನು ಒಳಗೆ ಸೇರಿಸಿ ಲೆಕ್ಕ ಹೊಂದಿಸುವ ಚಾಲಾಕಿಗಳೂ ಇದ್ದಾರೆ.

ಸಂಶಯ ಉಳಿದರೆ ಪತ್ತಾರರ ಒರೆಗಲ್ಲೇ ಗತಿ. ಗೆರೆಯ ಮೇಲೆ ನೈಟ್ರಿಕ್ ಆಮ್ಲ ಬಿಟ್ಟರೆ ಬೆಳ್ಳಿ, ತಾಮ್ರ ಎರಡೂ ಕರಗುತ್ತವೆ. ಆಮೇಲೆ ಹಾಕುವ ಉಪ್ಪುನೀರಿನ ಹನಿಯಲ್ಲಿದೆ ಗುಟ್ಟು: ಬೆಳ್ಳಿ ಇದ್ದರೆ ಮೊಸರೊಡೆದಂತೆ ಬಿಳಿ ಗಟ್ಟುತ್ತದೆ, ಬಿಸಿಲಿಗೆ ಇಟ್ಟರೆ ಅದು ನೇರಳೆಗೆ ತಿರುಗುತ್ತದೆ. ಸೀಸದ ಬಿಳಿ ತಿರುಗುವುದಿಲ್ಲ. ಈ ಆಮ್ಲ ಮನೆಯಲ್ಲಿ ಇಡುವ ವಸ್ತುವಲ್ಲ.

ಎತ್ತಿಡುವಾಗ

ಬೆಳ್ಳಿಯನ್ನು ಪೂರ್ತಿ ಒಣಗಿಸಿ, ಹತ್ತಿ ಬಟ್ಟೆಯಲ್ಲಿ ಸುತ್ತಿ, ಗಾಳಿಯಾಡದ ಪಾಲಿಥಿನ್ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಉಣ್ಣೆ ಬಟ್ಟೆ ಬೇಡ. ಚಮಚಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಡುವ ಅಭ್ಯಾಸ ಬಿಡಿ: ರಬ್ಬರಿಗೆ ಗಟ್ಟಿತನ ಬರುವುದೇ ಗಂಧಕದಿಂದ, ಬ್ಯಾಂಡ್ ಇದ್ದ ಕಡೆ ಕರಿ ಗೆರೆ ಮೂಡಿರುತ್ತದೆ. ದಿನವೂ ಉಣ್ಣುವ ತಾಟು ಕಪಾಟಿನಲ್ಲಿಟ್ಟ ತಾಟಿಗಿಂತ ಬಿಳುಪಾಗಿರುತ್ತದೆ, ಪೊರೆ ಕೂರುವುದರೊಳಗೆ ತೊಳೆದು ಹೋಗುವುದರಿಂದ.

ಕಾಲುಂಗುರ ತೆಗೆಯುವ ಪದ್ಧತಿ ಇಲ್ಲದವರು ಗಂಧಕ ಹೊಡೆಯುವ ದಿನ ಕಾಲುಚೀಲ, ಬೂಟು ಹಾಕಿಕೊಳ್ಳಲಿ. ಸಂಜೆ ಸಾಬೂನಿನಿಂದ ಕಾಲು ತೊಳೆದ ಮೇಲೂ ಹಳದಿ ಕಂಡರೆ, ಅಡುಗೆ ಸೋಡಾಕ್ಕೆ ನಾಲ್ಕು ಹನಿ ನೀರು, ಚಿಟಿಕೆ ಉಪ್ಪು ಹಾಕಿ ಕಲಸಿ ಉಂಗುರಕ್ಕೆ ಹಚ್ಚಿ, ಮುದ್ದೆ ಮಾಡಿದ ಫಾಯಿಲ್ ತುಂಡಿನಿಂದ ಒಂದೆರಡು ನಿಮಿಷ ಹಗುರಾಗಿ ಒತ್ತಿ ಸವರಿ. ಕುದಿನೀರಿನಷ್ಟು ಚುರುಕಲ್ಲ, ಆದರೆ ಅದೇ ದಿನ ಮಾಡಿದರೆ ಹಳದಿ ಬಿಡುತ್ತದೆ. ಕಪ್ಪಾಗುವ ತನಕ ಕಾದರೆ ಬಿಡದು.